ಅಜ್ಜ ಉತ್ತ ನೆಲ, ಪಹಣಿಯಲ್ಲಿ ಯಾರ ಹೆಸರು? ಉತ್ತರ ಕನ್ನಡದ ಬುಡಕಟ್ಟು ಜನರ ಜಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲ ಅಲ್ಲ. ಅಂಕೋಲಾ ಕಡೆಯವನು, ಈಗ ಇರೋದು ಶಿರಸಿಯಲ್ಲಿ. ಜಮೀನಿನ ಅರ್ಜಿ ಬರೆದುಕೊಡುವುದು, ಹಳೇ ಕಾಗದ ಓದಿ ಹೇಳುವುದು, ಜನರ ಜೊತೆ ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುವುದು, ಇದನ್ನೇ ವರ್ಷಗಳಿಂದ ಮಾಡ್ತಾ ಬಂದಿದ್ದೇನೆ. ಹಾಲಕ್ಕಿಗಳು, ಸಿದ್ದಿಗಳು, ಕುಣಬಿಗಳು, ಗೌಳಿಗಳು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನನ್ನ ಉತ್ತರ ಓದಿಕೊಳ್ಳಿ, ಆದರೆ ಕೋರ್ಟಿಗೆ ಹೋಗೋ ಮೊದಲು ಒಬ್ಬ ವಕೀಲರನ್ನೂ ಕೇಳಿ.

ನಮ್ಮ ಹಿರಿಯರು ತಲೆತಲಾಂತರದಿಂದ ಇಲ್ಲೇ ಇದ್ದವರು. ಹಾಗಾದರೆ ನೆಲ ನಮ್ಮದೇ ಅಲ್ವಾ?

ಎಲ್ಲರೂ ಮೊದಲು ಕೇಳೋದೇ ಇದನ್ನ. ಉತ್ತರ ಕೊಡೋದು ಕಷ್ಟ. ಯಾಕೆಂದರೆ "ನಮ್ಮದು" ಅನ್ನೋ ಮಾತಿಗೆ ಆಗ ಒಂದು ಅರ್ಥ ಇತ್ತು, ಈಗ ಇನ್ನೊಂದು ಬಂದಿದೆ.

ಹಾಲಕ್ಕಿಗಳ ಕೊಪ್ಪ, ಅಂದರೆ ಅವರ ಕೇರಿ, ನೋಡಿದವರಿಗೆ ಇದು ಗೊತ್ತು. ಕೊಪ್ಪಕ್ಕೆ ಒಬ್ಬ ಊರಗೌಡ, ಅವನಿಗೆ ಸಲಹೆ ಹೇಳಲು ಬುದವಂತ, ಸುದ್ದಿ ಮುಟ್ಟಿಸಲು ಕೋಲಕಾರ. ಇದಕ್ಕೆಲ್ಲ ಮೇಲೆ ಹಲವು ಕೊಪ್ಪ ಸೇರಿದ ಸೀಮೆ. ಬೇಲಿ ಜಗಳ ಬಂದರೆ ಕೂತು ತೀರ್ಮಾನ ಮಾಡೋದು ಇವರೇ. ಆ ಗದ್ದೆ ಯಾರದ್ದು ಅಂತ ಕೇಳಿದರೆ "ಅವರು ಮಾಡ್ತಾರೆ" ಅನ್ನೋ ಉತ್ತರ ಬರ್ತಿತ್ತು. ಮಾಡುವುದೇ ಹಕ್ಕು. ಬಿಟ್ಟುಹೋದರೆ ಇನ್ನೊಬ್ಬ ಮಾಡ್ತಾನೆ. ಅದೇ ನೆಲದ ಆಚೆ ಬೇಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಎಲ್ಲರ ದನವೂ ಮೇಯುತ್ತಿತ್ತು. ಕಾಡಿನಿಂದ ಸೊಪ್ಪು, ದರಕು, ಜೇನು, ಉಪ್ಪಾಗೆ, ಮುರುಗಲು ತರುವುದಕ್ಕೆ ಯಾರ ಹೆಸರೂ ಬೇಕಿರಲಿಲ್ಲ.

ಅಂದರೆ ಒಂದೇ ನೆಲದ ಮೇಲೆ ಮೂರ್ನಾಲ್ಕು ಹಕ್ಕು ಒಂದರ ಮೇಲೊಂದು ಕೂತಿದ್ದವು. ಉಳುವವನದು ಒಂದು, ಗೇಣಿ ತಗೊಳ್ಳುವ ಒಡೆಯರದು ಒಂದು, ಊರಿನದು ಒಂದು. ಪಹಣಿ ಬಂತು. ಅದಕ್ಕೆ ಬೇಕಿರೋದು ಒಂದು ಸರ್ವೆ ನಂಬರು, ಒಂದು ಹೆಸರು. ಉಳಿದ ಹಕ್ಕುಗಳನ್ನ ಬರೆಯಲು ಅಲ್ಲಿ ಜಾಗವೇ ಇರಲಿಲ್ಲ. ಇವತ್ತು ನಾವು ಮಾಡುವ ಅರ್ಧ ಜಗಳಕ್ಕೆ ಬುಡ ಇಲ್ಲೇ ಇದೆ ಅಂತ ನನಗೆ ಅನ್ನಿಸ್ತದೆ.

ಕುಮ್ರಿ ಅಂತಾರಲ್ಲ, ಅದು ಏನು? ಯಾಕೆ ನಿಂತಿತು?

ಕಾಡಿನ ಒಂದು ತುಂಡು ಕಡಿದು, ಬೇಸಿಗೆಯಲ್ಲಿ ಸುಟ್ಟು, ಮೊದಲ ಮಳೆಗೆ ಬೂದಿಯಲ್ಲಿ ರಾಗಿ, ಸಾಮೆ ಬಿತ್ತುವ ಬೇಸಾಯ. ನೇಗಿಲು ಬೇಡ. ಒಂದೆರಡು ವರ್ಷ ಬೆಳೆದು ಆ ಜಾಗ ಬಿಟ್ಟು ಮುಂದಕ್ಕೆ ಹೋಗ್ತಿದ್ದರು. ಕಾಡು ಮತ್ತೆ ಬೆಳೆದ ಮೇಲೆ ತಿರುಗಿ ಅಲ್ಲಿಗೇ ಬರ್ತಿದ್ದರು. ಕುಣಬಿಗಳು, ಕುಮ್ರಿ ಮರಾಠಿಗಳು ಬದುಕಿದ್ದೇ ಇದರ ಮೇಲೆ.

ಬ್ರಿಟಿಷರಿಗೆ ಈ ಕಾಡಿನ ಸಾಗವಾನಿ ಬೇಕಿತ್ತು. ಕುಮ್ರಿ ಕಾಡು ಹಾಳು ಮಾಡ್ತದೆ ಅಂತ 19ನೇ ಶತಮಾನದ ನಡುವಿನಿಂದಲೇ ಅದಕ್ಕೆ ಕಡಿವಾಣ ಬಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಸರಕಾರದ್ದು ಅನ್ನೋದು ಗಟ್ಟಿಯಾಯಿತು. ಕುಮ್ರಿ ಮಾಡುವವನು ವರ್ಷವಿಡೀ ಒಂದೇ ಕಡೆ ಇರುವವನಲ್ಲ. ಸರ್ವೆಯವರು ಬಂದ ದಿನ ಅವನ ಹಳೇ ಜಾಗ ಕಾಡಿನ ಹಾಗೇ ಕಾಣ್ತದೆ. ಬರೆಯುವವರು "ಕಾಡು" ಅಂತಲೇ ಬರೆದರು.

ಹಾಗಿದ್ದರೆ ಅಡಿಕೆ ತೋಟದವರಿಗೆ ಬೆಟ್ಟ ಹೇಗೆ ಸಿಕ್ಕಿತು?

ಈ ಪ್ರಶ್ನೆ ಕೇಳುವಾಗ ಜನ ದನಿ ತಗ್ಗಿಸ್ತಾರೆ. ತಗ್ಗಿಸುವಂಥದ್ದೇನೂ ಇಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಅಡಿಕೆ ತೋಟಕ್ಕೆ ಸೊಪ್ಪು ಬೇಕೇ ಬೇಕು. ಸೊಪ್ಪು ಇಲ್ಲದೆ ಗೊಬ್ಬರ ಇಲ್ಲ. ಅದಕ್ಕೆ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಬರೆದುಕೊಟ್ಟರು. ಬೆಟ್ಟದ ನೆಲ ಸರಕಾರದ್ದೇ. ಸೊಪ್ಪು, ಹುಲ್ಲು, ಒಣಕಟ್ಟಿಗೆ ತರುವ ಸವಲತ್ತು ಮಾತ್ರ ತೋಟದವರದ್ದು. ಇದೂ ಒಂದು ರೂಢಿಯ ಹಕ್ಕೇ. ಅದನ್ನ ಕೇಳಲು, ಬರೆಸಲು ತೋಟದವರಿಗೆ ಅಕ್ಷರ ಬರ್ತಿತ್ತು. ಕಂದಾಯ ಕೊಡುವವರು ಅವರು ಅಂತ ಸರಕಾರಕ್ಕೂ ಅವರು ಬೇಕಿತ್ತು. ಕುಮ್ರಿಯವನಿಗೆ ಎರಡೂ ಇರಲಿಲ್ಲ. ಒಂದೇ ಕಾಡಿನಲ್ಲಿ ಒಬ್ಬರ ರೂಢಿಗೆ ಕಾಗದ ಸಿಕ್ಕಿತು, ಇನ್ನೊಬ್ಬರ ರೂಢಿಗೆ ಕೇಸು ಸಿಕ್ಕಿತು.

ಮೂಲಗೇಣಿ, ಚಾಲಗೇಣಿ ಅಂದರೆ ಏನು ವ್ಯತ್ಯಾಸ?

ಮೂಲಗೇಣಿ ಅಂದರೆ ಶಾಶ್ವತ ಗೇಣಿ. ಗೇಣಿ ನಿಗದಿ, ಮಕ್ಕಳಿಗೂ ಮುಂದುವರಿಯುತ್ತದೆ. ಚಾಲಗೇಣಿ ಒಡೆಯರ ಮನಸ್ಸು ಇರುವವರೆಗೆ ಮಾತ್ರ. ಕರಾವಳಿಯ ಬಡ ಒಕ್ಕಲುಗಳು ಹೆಚ್ಚಾಗಿ ಚಾಲಗೇಣಿಯವರೇ. ಗೇಣಿ ಭತ್ತ ಅಳೆದ ಮೇಲೆ ಮನೆಯಲ್ಲಿ ಎಷ್ಟು ಉಳೀತಿತ್ತು ಅಂತ ನನ್ನ ಅಜ್ಜಿಯನ್ನ ಕೇಳಿದರೆ ಕೈ ಬೋಗುಣಿ ಮಾಡಿ ತೋರಿಸ್ತಿದ್ದಳು. ಅಷ್ಟೇ.

1974ರಲ್ಲಿ ನಮ್ಮ ನೆರೆಮನೆಯವರಿಗೆ ಗದ್ದೆ ಆಯಿತು, ನಮಗೆ ಆಗಲಿಲ್ಲ. ಯಾಕೆ?

ಹಿಂದಿನದು ಸ್ವಲ್ಪ ಹೇಳಿಬಿಡ್ತೇನೆ. ಅಂಕೋಲಾ, ಕುಮಟಾ ಕಡೆ ಒಕ್ಕಲುಗಳನ್ನ ಸಂಘಟಿಸಿದವರು ದಿನಕರ ದೇಸಾಯಿ. ಚುಟುಕದ ದೇಸಾಯಿ ಅಂತ ಹೊರಗಿನವರಿಗೆ ಗೊತ್ತು, ನಮ್ಮ ಕಡೆ ರೈತರ ದೇಸಾಯಿ. ಆ ಹೋರಾಟಕ್ಕಾಗಿ 1940ರಲ್ಲಿ ಅವರನ್ನ ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಮುಂದೆ 1948ರ ಮುಂಬೈ ಗೇಣಿ ಕಾಯ್ದೆ ಬಂತು. ರಾಜ್ಯ ಒಂದಾದ ಮೇಲೆ 1961ರ ಭೂಸುಧಾರಣಾ ಕಾಯ್ದೆ. ನಿಜವಾಗಿ ಹಲ್ಲು ಬಂದಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿಗೆ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿತು. ಗೇಣಿದಾರ ಫಾರ್ಮ್ ನಂಬರ್ 7 ತುಂಬಿ ಕೊಟ್ಟರೆ ಭೂನ್ಯಾಯ ಮಂಡಳಿ ಅವನ ಹೆಸರಿಗೆ ಮಾಡ್ತಿತ್ತು. ಅರ್ಜಿ ಹಾಕಲು 1979ರ ಜೂನ್ 30ರವರೆಗೆ ಅವಕಾಶ ಇತ್ತು.

ಎಷ್ಟೋ ಹಾಲಕ್ಕಿ ಮನೆಗಳು ಆಗ ಮಾಲ್ಕಿದಾರರಾದವು. ಅದು ಸಣ್ಣ ಮಾತಲ್ಲ. ಆದರೆ ಮೂರು ಥರದ ಜನ ಹೊರಗೆ ಉಳಿದರು. ಒಂದು, ಒಡೆಯರ ಮುಖ ನೋಡಿ ಅರ್ಜಿಯನ್ನೇ ಹಾಕದವರು. "ಅವರ ಅನ್ನ ಉಂಡಿದ್ದೇವೆ, ಹೇಗೆ ಕೇಳೂದು?" ಎಂದ ಮುದುಕರನ್ನ ನಾನೇ ನೋಡಿದ್ದೇನೆ. ಎರಡು, ಗೇಣಿ ಕೊಟ್ಟಿದ್ದಕ್ಕೆ ಚೀಟಿ ಇಲ್ಲದವರು, ಪಹಣಿಯ ಸಾಗುವಳಿ ಕಾಲಂನಲ್ಲೂ ಹೆಸರು ಬಾರದವರು. ಮೂರನೆಯವರು ಜಾಸ್ತಿ: ಯಾರ ಗೇಣಿದಾರರೂ ಆಗಿರದೆ ಕಾಡಂಚಿನಲ್ಲಿ ಸುಮ್ನೆ ಬೇಸಾಯ ಮಾಡ್ಕೊಂಡಿದ್ದವರು. ಉಳುವವನೇ ಹೊಲದೊಡೆಯ ಅಂದರೂ ಕಾಯ್ದೆ ನೋಡಿದ್ದು ಗೇಣಿದಾರನನ್ನ. ಒಡೆಯನೇ ಇಲ್ಲದವನಿಗೆ ಗೇಣಿದಾರ ಆಗೋದು ಹೇಗೆ? ಸಿದ್ದಿಗಳು, ಗೌಳಿಗಳು, ಕುಣಬಿಗಳು ಹೆಚ್ಚಾಗಿ ಇದೇ ಸಾಲಿನವರು.

ನೆರೆಮನೆಯವರದ್ದು, ನಿಮ್ಮದು ಇದರಲ್ಲಿ ಯಾವುದು ಅಂತ ನೋಡ್ಕೊಳ್ಳಿ.

ಹಾಲಕ್ಕಿ, ಸಿದ್ದಿ, ಕುಣಬಿ, ಗೌಳಿ. ಎಲ್ಲರಿಗೂ ಒಂದೇ ಕಾನೂನಾ?

ಅಲ್ಲ. ಇದು ತಿಳಿಯದೇ ಜನ ವರ್ಷಗಟ್ಟಲೆ ಓಡಾಡಿದ್ದಾರೆ.

ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳು ಸೇರಿಲ್ಲ. ಕುಣಬಿಗಳು ಸೇರಿಲ್ಲ. ಗೌಳಿಗಳು ಸೇರಿಲ್ಲ. ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ, ಈ ಇಬ್ಬರು ಹಾಲಕ್ಕಿ ಹೆಂಗಸರಿಗೂ ಪದ್ಮಶ್ರೀ ಬಂತು, ಇಬ್ಬರೂ ತೀರಿಕೊಂಡರು. ಅವರ ಜನಕ್ಕೆ ಕೊಡಬೇಕಾದ ಪಟ್ಟಿಯ ಒಂದು ಸಾಲು ಮಾತ್ರ ಬರಲಿಲ್ಲ. ಜೋಯಿಡಾದ ಕುಣಬಿಗಳ ಕಥೆ ಇನ್ನೂ ವಿಚಿತ್ರ. ಗಡಿ ದಾಟಿದರೆ ಗೋವಾ. ಅಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಅದೇ ಮಾತು, ಅದೇ ಗಡ್ಡೆ ಗೆಣಸು, ಅದೇ ನೆಂಟಸ್ತಿಕೆ. ಮಗಳನ್ನ ಆಚೆ ಕೊಟ್ಟ ಮನೆಯವರು ಇದನ್ನ ನಗ್ತಾ ಹೇಳ್ತಾರೆ, ಆದರೆ ಅದು ನಗು ಅಲ್ಲ.

ಪಟ್ಟಿಯಲ್ಲಿ ಹೆಸರಿದ್ದರೆ ಜಮೀನಿನ ವಿಷಯದಲ್ಲಿ ಏನೇನು ಬದಲಾಗ್ತದೆ ಅನ್ನೋದು ಮುಂದಿನ ಪ್ರಶ್ನೆಗಳಲ್ಲಿ ಬರ್ತದೆ. ಇನ್ನೊಂದು ವಿಷಯ. ಸಂವಿಧಾನದ ಐದನೇ ಪರಿಚ್ಛೇದದ ಪ್ರದೇಶ ಅಂತ ಒಂದಿದೆ. ಅಲ್ಲಿ ಬುಡಕಟ್ಟಿನವರ ನೆಲ ಹೊರಗಿನವರ ಕೈಗೆ ಹೋಗದ ಹಾಗೆ ವಿಶೇಷ ರಕ್ಷಣೆ ಇರ್ತದೆ. ಕರ್ನಾಟಕದಲ್ಲಿ ಅಂಥ ಪ್ರದೇಶ ಒಂದೂ ಇಲ್ಲ. ಜಾರ್ಖಂಡದ ಸುದ್ದಿ ಓದಿ ಇಲ್ಲೂ ಹಾಗೇ ಅಂತ ವಾದ ಮಾಡಲು ಹೋಗಬೇಡಿ.

ಅರಣ್ಯ ಹಕ್ಕು ಕಾಯ್ದೆಯಲ್ಲಿ 75 ವರ್ಷದ ದಾಖಲೆ ಕೇಳ್ತಾರೆ. ಎಲ್ಲಿಂದ ತರೋದು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಕಾಡಿನಲ್ಲಿ ಬದುಕಿ ಬಂದವರಿಗೆ ಆ ನೆಲದ ಹಕ್ಕು ಕೊಡುವ ಈ ಕಾಯ್ದೆ 2006ರದ್ದು, 2008ರ ಜನವರಿ 1ರಂದು ನಿಯಮಗಳು ಬಂದವು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಆ ಅರಣ್ಯ ಭೂಮಿ ನಿಮ್ಮ ಸ್ವಾಧೀನದಲ್ಲಿ ಇತ್ತು ಅಂತ ತೋರಿಸಿದರೆ ಸಾಕು. ಉಳಿದವರು, ಅಂದರೆ ಹಾಲಕ್ಕಿ, ಕುಣಬಿ, ಗೌಳಿ ಎಲ್ಲ, "ಇತರ ಪಾರಂಪರಿಕ ಅರಣ್ಯವಾಸಿ"ಗಳು. ಇವರು ಮೂರು ತಲೆಮಾರು, ಅಂದರೆ 75 ವರ್ಷ ವಾಸದ್ದು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗ್ತದೆ. ಜಿಲ್ಲೆಯಲ್ಲಿ ರಾಶಿ ರಾಶಿ ಅರ್ಜಿ ತಿರಸ್ಕಾರ ಆಗಿದ್ದು ಈ ಒಂದು ಮಾತಿಗೆ.

ಆದರೆ ಆ 75 ವರ್ಷ ಯಾವುದಕ್ಕೆ? ವಾಸಕ್ಕೆ. ಆ ಗದ್ದೆಯನ್ನೇ 75 ವರ್ಷದಿಂದ ಉಳ್ತಾ ಇರಬೇಕು ಅಂತ ಇಲ್ಲ. ಕೇಂದ್ರದ ಬುಡಕಟ್ಟು ಸಚಿವಾಲಯ 2008ರಲ್ಲೇ ಇದನ್ನ ಬಿಡಿಸಿ ಹೇಳಿದೆ. ನಿಮ್ಮ ಮನೆತನ ಈ ಕಾಡಿನ ಆಸುಪಾಸು ಬದುಕಿ ಬಂದಿದೆ ಅನ್ನೋದಕ್ಕೆ 75 ವರ್ಷ, ನೆಲದ ಸ್ವಾಧೀನಕ್ಕೆ 2005ರ ದಿನಾಂಕ. ಎರಡನ್ನೂ ಕಲಸಿ ಅರ್ಜಿ ಬರೆದರೆ ಕೆಟ್ಟಿತು.

ಕಾಗದವೇ ಬೇಕು ಅಂತಲೂ ಇಲ್ಲ. ನಿಯಮ 13 ಓದಿ. ಊರಿನ ಹಿರಿಯರು ಹೇಳಿದ್ದನ್ನ ಬರೆದುಕೊಂಡರೆ ಅದೂ ಸಾಕ್ಷ್ಯ. ಆ ಹಿರಿಯರು ಅರ್ಜಿದಾರರೇ ಆಗಿರಬಾರದು ಅಷ್ಟೇ. ಹಳೇ ಬಾವಿ, ಕಟ್ಟಿದ ಬದು, ಸಮತಟ್ಟು ಮಾಡಿದ ಗದ್ದೆ, ಸಮಾಧಿ, ದೇವರ ಕಲ್ಲು, ವಂಶಾವಳಿ ಎಲ್ಲವೂ ನಡೆಯುತ್ತದೆ. ಇಂಥವು ಒಂದಕ್ಕಿಂತ ಹೆಚ್ಚು ಇರಬೇಕು. 2012ರ ತಿದ್ದುಪಡಿಯಲ್ಲಿ ಇನ್ನೂ ಸ್ಪಷ್ಟ ಮಾಡಿದ್ದಾರೆ: ಇಂಥದ್ದೇ ದಾಖಲೆ ತನ್ನಿ ಅಂತ ಯಾವ ಸಮಿತಿಯೂ ಹಟ ಹಿಡಿಯುವಂತಿಲ್ಲ.

ಒಂದು ಸಲ ಯಲ್ಲಾಪುರದ ಕಡೆ ಒಂದು ಸಿದ್ದಿ ಮನೆಗೆ ಹೋಗಿದ್ದೆ. ದಾಖಲೆ ಏನಾದರೂ ಇದ್ಯಾ ಅಂದೆ. ಅಜ್ಜಿ ಒಳಗಿನಿಂದ ತುಕ್ಕು ಹಿಡಿದ ಬಿಸ್ಕಿಟ್ ಡಬ್ಬಿ ತಂದಳು. ಒಳಗೆ ರೇಷನ್ ಕಾರ್ಡು, ಎರಡು ಮದುವೆ ಕರೆಯೋಲೆ, ತಳದಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಹಳದಿ ಕಾಗದ. ಬಿಡಿಸಿದರೆ ಮಡಿಕೆಯ ಗೆರೆಯಲ್ಲಿ ಹರೀತಿತ್ತು. ಅವಳ ಗಂಡ ಕಾಡಿನಲ್ಲಿ ಅತಿಕ್ರಮಣ ಮಾಡಿದ್ದಾನೆ ಅಂತ ಹಾಕಿದ ಅರಣ್ಯ ಮೊಕದ್ದಮೆಯ ದಂಡದ ರಶೀದಿ. "ಇದು ಬೇಡ, ಇದು ಕಳ್ಳತನದ್ದು" ಅಂತ ಅವಳು ಕೈಯಿಂದ ಕಿತ್ತುಕೊಳ್ಳೋಕೆ ಬಂದಳು. ಇಷ್ಟು ವರ್ಷ ನಾಚಿಕೆಯಿಂದ ಅಡಗಿಸಿಟ್ಟಿದ್ದಳು. ಆ ದಿನಾಂಕದಲ್ಲಿ ಆ ಮನುಷ್ಯ ಆ ಜಾಗದಲ್ಲೇ ಇದ್ದ ಅಂತ ಸರಕಾರವೇ ಬರೆದುಕೊಟ್ಟ ಕಾಗದ ಅದು! ಅರ್ಜಿಗೆ ಮೊದಲು ಹಚ್ಚಿದ್ದೇ ಅದನ್ನ.

ಹಾಗಾಗಿ ಅಟ್ಟ ಹುಡುಕಿ. ದಂಡದ ರಶೀದಿ, ಹಂಗಾಮಿ ಲಾಗಣಿಯ (ತಾತ್ಕಾಲಿಕವಾಗಿ ಬೇಸಾಯಕ್ಕೆ ಕೊಟ್ಟಿದ್ದರ) ಚೀಟಿ, ಹಳೇ ಶಾಲೆಯ ದಾಖಲಾತಿ, ಮತದಾರರ ಪಟ್ಟಿ ಏನು ಸಿಕ್ಕರೂ ಎತ್ತಿಡಿ. ಸಿಗದಿದ್ದರೂ ಹೆದರಬೇಡಿ. ದಂಡದ ರಶೀದಿ ಇಲ್ಲ ಅನ್ನೋದೊಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವ ಹಾಗಿಲ್ಲ ಅಂತಲೂ ನಿಯಮದಲ್ಲಿದೆ.

ನನ್ನ ಅರ್ಜಿ ತಿರಸ್ಕಾರ ಆಗಿದೆ. ಈಗ ಒಕ್ಕಲೆಬ್ಬಿಸ್ತಾರಾ?

ನಿಮ್ಮ ಕೈಗೆ ಲಿಖಿತವಾಗಿ ಕಾರಣ ಬಂದಿದೆಯಾ? ಅದನ್ನ ಮೊದಲು ನೋಡಿ. ಗ್ರಾಮಸಭೆಯ ತೀರ್ಮಾನದ ಮೇಲೆ ಉಪವಿಭಾಗ ಸಮಿತಿಗೆ, ಅದರ ಮೇಲೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ತಿರಸ್ಕಾರದ ಪತ್ರವೇ ಸಿಗದೇ 60 ದಿನ ಎಲ್ಲಿಂದ ಎಣಿಸೋದು? ಹಾಗಾಗಿ ಪತ್ರ ಕೊಡಿ ಅಂತ ಬರೆದು ಕೇಳಿ, ಸ್ವೀಕೃತಿ ತಗೊಳ್ಳಿ.

ನಮ್ಮದೇ ಒಂದು ಅನುಭವ. ಒಂದು ಕಚೇರಿಯಲ್ಲಿ ನಲವತ್ತಕ್ಕೂ ಜಾಸ್ತಿ ಅರ್ಜಿಗೆ ಒಂದೇ ಸಾಲಿನ ಉತ್ತರ ಬಂತು, ಅಕ್ಷರ ಅಕ್ಷರ ಒಂದೇ. ಅದರಲ್ಲಿ ಒಬ್ಬನ ಅರ್ಜಿಯಲ್ಲಿ ಹಿರಿಯರ ಹೇಳಿಕೆ, ನಕ್ಷೆ, ಫೋಟೋ ಎಲ್ಲ ಇತ್ತು. ಇನ್ನೊಬ್ಬನದರಲ್ಲಿ ಏನೂ ಇರಲಿಲ್ಲ. ಇಬ್ಬರಿಗೂ "ದಾಖಲೆ ಇಲ್ಲ". ಓದದೇ ಮುದ್ರೆ ಒತ್ತಿದ್ದಾರೆ ಅಂತ ಹೇಳಲು ಜ್ಯೋತಿಷ್ಯ ಬೇಕಾಗಿಲ್ಲ.

ಒಕ್ಕಲೆಬ್ಬಿಸುವ ಮಾತಿಗೆ: ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಅಂತ ಕಾಯ್ದೆಯ 4(5) ಹೇಳ್ತದೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತರನ್ನ ತೆರವು ಮಾಡಿ ಅಂದಾಗ ಇಡೀ ಜಿಲ್ಲೆ ಹೆದರಿತ್ತು. ಅದೇ ತಿಂಗಳ 28ರಂದು ಆ ಆದೇಶಕ್ಕೆ ಕೋರ್ಟೇ ತಡೆ ಕೊಟ್ಟಿತು.

ಹಕ್ಕುಪತ್ರ ಸಿಕ್ಕ ಮೇಲೆ ಮಾರಬಹುದಾ? ಸಾಲ ಸಿಗ್ತದಾ?

ಮಾರುವಂತಿಲ್ಲ. ಮಕ್ಕಳಿಗೆ ಹೋಗ್ತದೆ, ಹೊರಗಿನವರಿಗೆ ಹೋಗೋದಿಲ್ಲ. ಹೆಚ್ಚೆಂದರೆ 4 ಹೆಕ್ಟೇರ್, ಅದೂ ನಿಜವಾಗಿ ಸ್ವಾಧೀನದಲ್ಲಿ ಇದ್ದಷ್ಟು ಮಾತ್ರ. ಮಾರಲಾಗದ ನೆಲವನ್ನ ಅಡ ಇಡೋದೂ ಆಗೋದಿಲ್ಲ, ಅದಕ್ಕೇ ಬ್ಯಾಂಕಿನವರು ಮುಖ ತಿರುಗಿಸ್ತಾರೆ. ಹುಡುಗರಿಗೆ ಇದು ಸಿಟ್ಟು. "ಮಾರಲಾಗದ್ದು ಎಂಥಾ ಒಡೆತನ?" ಅಂತಾರೆ. ನನಗೆ ಹಾಗೆ ಅನ್ನಿಸೋದಿಲ್ಲ. ಹಳೇ ರೂಢಿಯಲ್ಲೂ ನೆಲ ಮಾರುವ ಸಾಮಾನಾಗಿರಲಿಲ್ಲ. ಇಡೀ ಕಾಯ್ದೆಯಲ್ಲಿ ಹಳೇ ಪದ್ಧತಿಗೆ ಹತ್ತಿರ ಇರೋದು ಇದೊಂದೇ. ಹೆದ್ದಾರಿ ಪಕ್ಕ ಮಾಲ್ಕಿ ಗದ್ದೆ ಇದ್ದವರು ಎಷ್ಟು ಜನ ಮಾರಿ ಈಗ ಅದೇ ಜಾಗದ ರೆಸಾರ್ಟಿನಲ್ಲಿ ಹುಲ್ಲು ಕತ್ತರಿಸ್ತಿದ್ದಾರೆ ನೋಡಿ.

ಬಗರ್ ಹುಕುಂ ಫಾರ್ಮ್ 57 ಹಾಕಿದರೆ ಆಗ್ತದಾ?

ಬಗರ್ ಹುಕುಂ ಅಂದರೆ ಸರಕಾರಿ ನೆಲದಲ್ಲಿ ಅನುಮತಿ ಇಲ್ಲದೇ ಮಾಡಿದ ಸಾಗುವಳಿ. ಅದನ್ನ ಸಕ್ರಮ ಮಾಡೋದು ಕಂದಾಯ ಭೂಮಿಯಾದರೆ ಮಾತ್ರ. ಅರಣ್ಯಕ್ಕೆ ಅದು ನಡೆಯೋದಿಲ್ಲ. ಜಿಲ್ಲೆಯ ಹೆಚ್ಚಿನ ನೆಲ ಅರಣ್ಯ ಅಂತಲೇ ದಾಖಲಾಗಿದೆ. ಮೊದಲು ಸರ್ವೆ ನಂಬರು ನೋಡಿ, ಅರ್ಜಿ ಹಾಕುವ ಅವಧಿ ಮುಗಿದಿದೆಯಾ ಅಂತ ಕಚೇರಿಯಲ್ಲಿ ಕೇಳಿ, ಆಮೇಲೆ ಫಾರ್ಮಿನ ಮಾತು.

ಮಂಜೂರಾದ ಜಮೀನನ್ನ ಅಪ್ಪ ಯಾರಿಗೋ ಬರೆದುಕೊಟ್ಟಿದ್ದಾರೆ. ವಾಪಸ್ ಸಿಗ್ತದಾ?

ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಜಮೀನು ಸರಕಾರ ಮಂಜೂರು ಮಾಡಿದ್ದಾಗಿದ್ದರೆ ದಾರಿ ಇದೆ. 1978ರ ಕಾಯ್ದೆ, ಎಲ್ಲರೂ ಪಿಟಿಸಿಎಲ್ ಅಂತಾರೆ. ಸರಕಾರದ ಅನುಮತಿ ಇಲ್ಲದೇ ಮಾರಿದ್ದು ಅಸಿಂಧು. ಸಹಾಯಕ ಆಯುಕ್ತರಿಗೆ ಅರ್ಜಿ. 2017ರಲ್ಲಿ ಸುಪ್ರೀಂ ಕೋರ್ಟ್ ತಡವಾಗಿ ಬಂದ ಅರ್ಜಿ ನಡೆಯೋದಿಲ್ಲ ಅಂದಿತ್ತು. 2023ರಲ್ಲಿ ರಾಜ್ಯ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಅಂತ ಸೇರಿಸಿತು. ಸಿದ್ದಿಗಳಿಗೆ ಇದು ಉಪಯೋಗ. ಹಾಲಕ್ಕಿಗಳಿಗೆ, ಕುಣಬಿಗಳಿಗೆ ಇಲ್ಲ. ಪಟ್ಟಿಯ ಒಂದು ಸಾಲಿನ ಬೆಲೆ ಗೊತ್ತಾಯಿತಲ್ಲ.

ಹೆಣ್ಣುಮಕ್ಕಳಿಗೆ ಪಾಲು ಇದೆಯಾ?

ಇಲ್ಲಿ ತಿರುವು ನೋಡಿ. ಹಾಲಕ್ಕಿಗಳು ಪರಿಶಿಷ್ಟ ಪಂಗಡ ಅಲ್ಲದ್ದರಿಂದ ಅವರಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ನೇರವಾಗಿ ಬರ್ತದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಕರ್ನಾಟಕದಲ್ಲಿ 1994ರಲ್ಲೇ ಮದುವೆ ಆಗದ ಮಗಳಿಗೆ ಇದು ಬಂತು, 2005ರಲ್ಲಿ ದೇಶಕ್ಕೆಲ್ಲ, ಎಲ್ಲ ಹೆಣ್ಣುಮಕ್ಕಳಿಗೂ. ಆದರೆ ಅದೇ ಕಾಯ್ದೆಯ 2(2) ಪರಿಶಿಷ್ಟ ಪಂಗಡಗಳನ್ನ ಹೊರಗಿಟ್ಟಿದೆ. ಕೇಂದ್ರ ಬೇರೆ ಆದೇಶ ಮಾಡುವವರೆಗೆ ಅವರಿಗೆ ಅವರ ರೂಢಿಯೇ ಕಾನೂನು. ಸಿದ್ದಿಗಳಲ್ಲಂತೂ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ, ಒಂದೇ ಮಾತಲ್ಲಿ ಉತ್ತರ ಕೊಡೋಕಾಗೋದಿಲ್ಲ. ಸೌಲಭ್ಯಕ್ಕಾಗಿ ಕೇಳಿದ ಪಟ್ಟಿಯೇ ಮಗಳ ಪಾಲಿಗೆ ಅಡ್ಡ ಬರಬಹುದು ಅಂತ ಸಭೆಗಳಲ್ಲಿ ಯಾರೂ ಹೇಳೋದಿಲ್ಲ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬದಲಿಸುವ ಬಗ್ಗೆ ಯೋಚಿಸಿ ಅಂತ ಕೇಂದ್ರಕ್ಕೆ ಹೇಳಿದೆ. 2025ರ ಜುಲೈಯಲ್ಲಿ ಛತ್ತೀಸಗಡದ ಗೊಂಡ ಮನೆತನದ ಒಂದು ಪ್ರಕರಣದಲ್ಲಿ, ಹೆಣ್ಣಿಗೆ ಪಾಲು ಇಲ್ಲ ಅನ್ನುವ ರೂಢಿ ಇದೆ ಅಂತ ಯಾರೂ ಸಾಬೀತು ಮಾಡದಿದ್ದಾಗ ಸಮಪಾಲೇ ಸರಿ ಅಂದಿದೆ.

ಅರಣ್ಯ ಹಕ್ಕುಪತ್ರದಲ್ಲಿ ಈ ಗೊಂದಲ ಇಲ್ಲ. ಗಂಡ ಹೆಂಡತಿ ಇಬ್ಬರ ಹೆಸರೂ ಇರಲೇಬೇಕು. ಒಮ್ಮೆ ಅರ್ಜಿ ತುಂಬುವಾಗ ಒಬ್ಬ, "ಅವಳ ಹೆಸರು ಯಾಕೆ, ಅವಳು ಎಲ್ಲಿಗೆ ಹೋಗ್ತಾಳೆ?" ಅಂದ. ಒಲೆ ಊದುತ್ತಿದ್ದವಳು ತಿರುಗದೇ ಹೇಳಿದಳು, "ಎಲ್ಲೂ ಹೋಗೂದಿಲ್ಲ, ಅದಕ್ಕೇ ಬರಿ."

ಗಜನಿ ಗದ್ದೆಗಳದ್ದು ಏನು ಕಥೆ?

ಅಘನಾಶಿನಿ ಅಳಿವೆಯ ಉಪ್ಪುನೀರಿನ ಗದ್ದೆಗಳು. ಕಗ್ಗ ಭತ್ತ ಬೆಳೆಯುವ ಜಾಗ. ಉಪ್ಪಿಗೂ ನೆರೆಗೂ ಜಗ್ಗದ ಭತ್ತ ಅದು. ಅಲ್ಲಿ ಒಬ್ಬನೇ ಬೇಸಾಯ ಮಾಡಲು ಆಗೋದೇ ಇಲ್ಲ. ಹೊಳೆಯ ಕಡೆ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ನೀರು. ಹಾಗಾಗಿ ಒಡ್ಡು ಕಟ್ಟೋದು, ಜಂತ್ರಡಿಯ, ಅಂದರೆ ನೀರು ತಡೆದು ಬಿಡುವ ತೂಬಿನ, ಹಲಗೆ ಏರಿಸಿ ಇಳಿಸೋದು ಎಲ್ಲರ ಕೆಲಸ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಿಟ್ಟರೆ ಸೀಗಡಿ, ಮೀನು. ಪಹಣಿ ಯಾರದೇ ಇರಲಿ, ಜಂತ್ರಡಿ ಊರಿನದು.

1990ರ ದಶಕದಲ್ಲಿ ಸೀಗಡಿಗೆ ಬೆಲೆ ಬಂತು. ಗುತ್ತಿಗೆದಾರ ಬಂದ. ಪಹಣಿದಾರನಿಗೆ ವರ್ಷಕ್ಕಿಷ್ಟು ಅಂತ ಕೈಗಿಟ್ಟು ಜಂತ್ರಡಿಯ ಬೀಗ ತಾನು ತಗೊಂಡ. ನೀರು ಯಾವಾಗ ಬಿಡಬೇಕು ಅನ್ನೋದು ಸೀಗಡಿಯ ಲೆಕ್ಕಕ್ಕೆ ಹೋಯಿತು. ಕಗ್ಗ ಹಿಂದೆ ಸರಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ಸೀಗಡಿ ಕೃಷಿಗೆ ಕಡಿವಾಣ ಹಾಕಿತು, ಆದರೆ ಅಷ್ಟರಲ್ಲಿ ಒಡ್ಡು ಕಟ್ಟಲು ಒಟ್ಟಿಗೆ ಹೋಗುವ ಅಭ್ಯಾಸ ಬಿಟ್ಟುಹೋಗಿತ್ತು. ನೆಲ ಮಾರದೇ ಇದ್ದರೂ ಒಡೆತನ ಕೈ ತಪ್ಪಬಹುದು ಅಂತ ನಾನು ಕಲಿತದ್ದು ಅಲ್ಲಿಯ ಮಾಣಿಕಟ್ಟೆ ಊರಿನ ಒಡ್ಡಿನ ಮೇಲೆ ನಿಂತು.

ಯೋಜನೆಗೆ ಜಾಗ ಹೋದಾಗ ಪಹಣಿ ಇಲ್ಲದವರಿಗೆ ಏನು ಸಿಗ್ತದೆ?

ಹಳೇ ಯೋಜನೆಗಳಲ್ಲಿ ಬಹಳ ಕಡಿಮೆ. ಸೂಪಾ ಅಣೆಕಟ್ಟಿಗೆ ಹಳೇ ಸೂಪಾ ಪೇಟೆಯೇ ಮುಳುಗಿತು. ಕಾರವಾರ ಮತ್ತು ಅಂಕೋಲಾ ನಡುವೆ ಸೀಬರ್ಡ್ ನೌಕಾನೆಲೆಗೆ ಸಾವಿರಾರು ಕುಟುಂಬ ಎದ್ದವು, ಹಾಲಕ್ಕಿಗಳು, ಮೀನುಗಾರರು ಎಲ್ಲ. ಪರಿಹಾರದ ಲೆಕ್ಕ ಪಹಣಿಯಿಂದ ಶುರುವಾಗ್ತದೆ. ಬೇಣದಲ್ಲಿ ಮೇಯುವ ದನಕ್ಕೆ, ಬಲೆ ಒಣಗಿಸುವ ಮರಳಿಗೆ ಪಹಣಿ ಎಲ್ಲಿಂದ ಬರಬೇಕು?

ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇರುವವರು ಒಂದು ತಿಳ್ಕೊಳ್ಳಿ. ಪರಿಹಾರ ತಗೊಂಡು ಹೊರಗೆ ಹೋಗುವ ಪ್ಯಾಕೇಜು ಸ್ವಇಚ್ಛೆಯದ್ದು. ಮೊದಲು 10 ಲಕ್ಷ ಇತ್ತು, ಈಗ 15 ಲಕ್ಷ. ಅದಕ್ಕೆ ಮೊದಲು ನಿಮ್ಮ ಅರಣ್ಯ ಹಕ್ಕು ತೀರ್ಮಾನ ಆಗಬೇಕು, ಗ್ರಾಮಸಭೆಯ ಒಪ್ಪಿಗೆ ಬೇಕು. ಇದು ಕಾಯ್ದೆಯ ಮಾತು. ಸಹಿ ಮೊದಲು, ಹಕ್ಕು ಆಮೇಲೆ ಅಂತ ಯಾರಾದರೂ ಅಂದರೆ ಪೆನ್ನು ಕೆಳಗಿಡಿ.

ಊರಿಗೆ ಒಟ್ಟಾಗಿ ಹಕ್ಕು ಕೇಳಬಹುದಾ?

ಕೇಳಬಹುದು, ಯಾರೂ ಕೇಳೋದಿಲ್ಲ! ವೈಯಕ್ತಿಕ ಹಕ್ಕಿಗೆ ನಮೂನೆ ಎ. ಮೇವು, ಸೊಪ್ಪು, ಜೇನು, ಮೀನಿನಂಥ ಸಮುದಾಯ ಹಕ್ಕಿಗೆ ನಮೂನೆ ಬಿ. ಊರಿನ ಕಾಡನ್ನ ಊರೇ ಕಾಯುವ ಹಕ್ಕಿಗೆ ನಮೂನೆ ಸಿ. ಎಲ್ಲರೂ ಎ ತುಂಬಿ ತಮ್ಮ ತಮ್ಮ ಬೇಲಿ ಅಳೆಸಿಕೊಂಡರು. ಬೇಲಿಯ ಆಚೆ ದನ ಎಲ್ಲಿ ಮೇಯಬೇಕು ಅಂತ ಕೇಳಲಿಲ್ಲ. ಗೌಳಿಗಳಿಗೆ ಎರಡು ಎಕರೆ ಗದ್ದೆಗಿಂತ ಎಮ್ಮೆ ಮೇಯುವ ಕಾಡು ಮುಖ್ಯ. ಅವರೂ ಎ ನಮೂನೆಯನ್ನೇ ಕೇಳಿಕೊಂಡು ಬರ್ತಾರೆ. ನಾನು ಬಿ ತೆಗೆದು ಕೊಟ್ಟರೆ, ಇದು ಯಾರ ಹೆಸರಿಗೆ ಆಗ್ತದೆ ಅಂತ ಕೇಳ್ತಾರೆ. ಊರಿನ ಹೆಸರಿಗೆ ಅಂದರೆ ಮಡಚಿ ಕಿಸೆಗೆ ಹಾಕ್ಕೊಂಡು ಹೋಗ್ತಾರೆ.

ಪಹಣಿಯಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದೆ. ತೊಂದರೆ ಏನಾದರೂ ಇದೆಯಾ?

ಇದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿ. ಮರಣ ದಾಖಲೆ, ವಂಶವೃಕ್ಷ ತಗೊಂಡು ನಾಡಕಚೇರಿಗೆ ಹೋಗಿ. ವಂಶವೃಕ್ಷ ಬರೆಯುವಾಗ ಅತ್ತೆಯಂದಿರ ಹೆಸರು ಬಿಡಬೇಡಿ. ಮದುವೆಯಾಗಿ ಗೋಕರ್ಣಕ್ಕೆ ಹೋದವಳೂ ಅಜ್ಜನ ಮಗಳೇ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡಿದ್ದರೆ, ಯಾವ ಬದುವಿನಿಂದ ಯಾವ ಬದುವಿನವರೆಗೆ ಯಾರದ್ದು ಅಂತ ದೊಡ್ಡಪ್ಪ ಇನ್ನೂ ನಡೆಯುವಷ್ಟು ಗಟ್ಟಿ ಇರುವಾಗಲೇ ಅವರ ಜೊತೆ ಒಂದು ಸುತ್ತು ಹಾಕಿ ಬನ್ನಿ. ಒಂದು ನೋಟ್ ಬುಕ್, ಒಂದು ಪೆನ್ನು. ಮಳೆಗಾಲಕ್ಕೆ ಮೊದಲು.